ಶಿಶ್ನದ ಫ್ರೆನ್ಯುಲಮ್ ಗಾಯ

ಶಿಶ್ನಮಣಿಯ ಕೆಳಬದಿಯನ್ನು ಮುಂದೊಗಲಿಗೆ ಜೋಡಿಸುವ ತೆಳುವಾದ ಚರ್ಮದ ಪಟ್ಟಿಗೆ ಫ್ರೆನ್ಯುಲಮ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಈ ಪದಕ್ಕೆ ಚಿಕ್ಕ ಕಡಿವಾಣ ಎಂದರ್ಥ. ನಾಲಿಗೆಯ ಅಡಿಯಲ್ಲಿರುವ ಪಟ್ಟಿಗೂ ಇದೇ ಹೆಸರಿದೆ. ಸಂಭೋಗ ಅಥವಾ ಹಸ್ತಮೈಥುನದ ವೇಳೆ ಈ ಪಟ್ಟಿಯು ಬಲವಾಗಿ ಎಳೆಯಲ್ಪಟ್ಟರೆ ಹರಿಯುತ್ತದೆ. ಹುಟ್ಟಿನಿಂದಲೇ ಪಟ್ಟಿ ಗಿಡ್ಡವಾಗಿರುವವರಲ್ಲಿ ಇದರ ಸಂಭವ ಹೆಚ್ಚು. ಪಟ್ಟಿಯೊಳಗೆ ಸಣ್ಣ ಅಪಧಮನಿಯೊಂದು ಇರುವುದರಿಂದ, ಗಾಯ ಚಿಕ್ಕದಾದರೂ ನೋಡಿದವರು ಗಾಬರಿಯಾಗುವಷ್ಟು ರಕ್ತ ಸುರಿಯಬಹುದು.

ಚಿಕಿತ್ಸೆ

ಶುಭ್ರವಾದ ಬಟ್ಟೆಯಿಂದ ಗಾಯವನ್ನು 10ರಿಂದ 15 ನಿಮಿಷಗಳ ಕಾಲ ಬಿಡದೆ ಒತ್ತಿ ಹಿಡಿದರೆ ರಕ್ತಸ್ರಾವವು ಸಾಮಾನ್ಯವಾಗಿ ನಿಲ್ಲುತ್ತದೆ. ನಡುನಡುವೆ ಬಟ್ಟೆ ಸರಿಸಿ ನೋಡಿದರೆ ಹೆಪ್ಪುಗಟ್ಟಿದ ರಕ್ತ ಕಿತ್ತುಬಂದು ಮತ್ತೆ ಸ್ರಾವವಾಗುತ್ತದೆ. ಅನಂತರ ದಿನವೂ ಉಗುರುಬೆಚ್ಚನೆಯ ನೀರಿನಿಂದ ಮೃದುವಾಗಿ ತೊಳೆದರೆ ಸಾಕು. ಅರಿಸಿನ, ಕಾಫಿಪುಡಿ ಮೊದಲಾದವುಗಳನ್ನು ಮೆತ್ತುವ ಮನೆಮದ್ದು ಈ ನವಿರಾದ ಭಾಗಕ್ಕೆ ಸಲ್ಲದು. ಗಾಯವು ಪೂರ್ತಿ ಮಾಯುವವರೆಗೆ, ಅಂದರೆ ಕೆಲವು ವಾರ, ಸಂಭೋಗವನ್ನು ವರ್ಜಿಸಬೇಕು. ಅವಸರಪಟ್ಟರೆ ಅದೇ ಜಾಗ ಮತ್ತೆ ಹರಿಯುತ್ತದೆ. ಮಾಯ್ದ ಕಲೆಯಿಂದ ಪಟ್ಟಿ ಇನ್ನಷ್ಟು ಗಿಡ್ಡವಾಗುವುದೂ ಉಂಟು. ಹೀಗೆ ಪದೇ ಪದೇ ಆಗುವವರಿಗೆ ಪಟ್ಟಿಯನ್ನು ಉದ್ದಗೊಳಿಸುವ ಫ್ರೆನ್ಯುಲೊಪ್ಲಾಸ್ಟಿ ಎಂಬ ಚಿಕ್ಕ ಶಸ್ತ್ರಚಿಕಿತ್ಸೆಯಿದೆ. ಎಲ್ಲರಿಗೂ ಸುನ್ನತಿಯೇ ಬೇಕೆಂಬುದು ತಪ್ಪು ತಿಳಿವಳಿಕೆ.

ರಕ್ತ ನಿಲ್ಲದಿದ್ದರೆ, ಕೀವು ಅಥವಾ ಜ್ವರ ಕಾಣಿಸಿಕೊಂಡರೆ ವೈದ್ಯರನ್ನು ಕಾಣಬೇಕು. ಉದ್ರೇಕದ ಸ್ಥಿತಿಯಲ್ಲಿ 'ಟಕ್' ಎಂಬ ಸದ್ದಾಗಿ, ಶಿಶ್ನವು ಒಮ್ಮೆಲೇ ಸಡಿಲಗೊಂಡು, ಊದಿ ನೀಲಿಗಟ್ಟಿದರೆ ಅದು ಫ್ರೆನ್ಯುಲಮ್ ಗಾಯವಲ್ಲ, ಶಿಶ್ನದ ಒಳಪದರವೇ ಹರಿದಿರುವ ಲಕ್ಷಣ. ಆಗ ಸಂಕೋಚದಿಂದ ಬೆಳಗಿನವರೆಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.