‘ಮರ’ ಸಿಕ್ಕಿತು, ‘ನೀರು’ ಕಾಣೆಯಾಯ್ತು: ಪೈಥಾನ್‌ಗೆ ಬಗ್ ವರದಿ ಮಾಡೋದು, ಪ್ಯಾಚ್ ಕಳಿಸೋದು ಹೇಗೆ?

ಗ್ರಾಮಸಭೆಯಲ್ಲಿ ಜನ ಯಾವುದರ ಬಗ್ಗೆ ಹೆಚ್ಚು ಮಾತಾಡ್ತಾರೆ? ಮರೋಳ ಮತ್ತು ಸುತ್ತಲಿನ ಊರುಗಳಲ್ಲಿ ನಾವು ನಾಲ್ಕೈದು ಗೆಳೆಯರು ಕೂತು ಬರೆದುಕೊಂಡ ಟಿಪ್ಪಣಿಗಳನ್ನೆಲ್ಲ ಹೋದ ವರ್ಷ ಕನ್ನಡದಲ್ಲೇ ಟೈಪ್ ಮಾಡಿ, ಪದಗಳನ್ನು ಎಣಿಸೋಕೆ ಹೊರಟಿದ್ದೆವು. ಎಣಿಸೋ ಪ್ರೋಗ್ರಾಮ್ ಬರೆಯೋ ಕೆಲಸ ನನ್ನ ಪಾಲಿಗೆ ಬಂತು. ಪೈಥಾನ್‌ನಲ್ಲಿ ಹತ್ತು ಸಾಲು: ಪದ ಅಂತ ಕಂಡದ್ದನ್ನೆಲ್ಲ ಹೆಕ್ಕು, ಒಂದೇ ಅಕ್ಷರದ ತುಣುಕುಗಳನ್ನು ಬಿಡು, ಉಳಿದದ್ದನ್ನು ಎಣಿಸು. ಪಟ್ಟಿ ಬಂತು. ಮೊದಲ ಸ್ಥಾನದಲ್ಲಿ ‘ಮರ’ ಇತ್ತು. ‘ನೀರು’ ಪಟ್ಟಿಯಲ್ಲೇ ಇರಲಿಲ್ಲ.

ಹುನಗುಂದ ತಾಲ್ಲೂಕಿನ ಈ ಊರು ಗೊತ್ತಿದ್ದವರಿಗೆ ಇಷ್ಟು ಹೇಳಿದರೆ ನಗು ಬರುತ್ತೆ. ಮರೋಳದ ಹೆಸರು ಹೊರಗಿನವರ ಕಿವಿಗೆ ಬಿದ್ದದ್ದೇ ನೀರಿನಿಂದ. ನಾರಾಯಣಪುರ ಜಲಾಶಯದ ಕೃಷ್ಣೆಯ ನೀರನ್ನು 24 ಸಾವಿರ ಹೆಕ್ಟೇರ್‌ಗೆ ಹನಿ ನೀರಾವರಿಯಲ್ಲಿ ಕೊಡಬೇಕು ಅಂತ ಹಾಕಿಕೊಂಡ ರಾಮಥಾಳ–ಮರೋಳ ಯೋಜನೆಯಿಂದ. ಊರಲ್ಲಿರೋ ನಮ್ಮ ಕಾಕಾನಿಗೆ ಫೋನ್‌ನಲ್ಲಿ ಪಟ್ಟಿ ಓದಿ ಹೇಳಿದೆ. “ಮರದ ಬಗ್ಗೆ ಯಾರ್ ಮಾತಾಡ್ಯಾರೋ ತಮ್ಮಾ? ನೀರ್ ಬಿಟ್ಟು ನಾವು ಬ್ಯಾರೆ ಮಾತಾಡೇ ಇಲ್ಲಲ್ಲ!” ಅಂದ.

ಕಾಕಾ ಹೇಳಿದ್ದೇ ಸರಿ. ತಪ್ಪು ಎಲ್ಲಿತ್ತು ಅಂತ ಹುಡುಕುತ್ತಾ ಹೋದಾಗ 2007ರಿಂದ ತೆರೆದೇ ಇದ್ದ ಒಂದು ದೂರು ಸಿಕ್ಕಿತು. ಅದರ ಕಥೆ ಹೇಳ್ತಾ, ಮುಕ್ತ ತಂತ್ರಾಂಶದ ಒಂದು ಪ್ರೋಗ್ರಾಮಿಂಗ್ ಭಾಷೆಗೆ ದೂರು ಕೊಡೋದು, ತಿದ್ದುಪಡಿ ಕಳಿಸೋದು ಹೇಗೆ ಅಂತ ಇಲ್ಲಿ ಬರೆದಿಡ್ತೀನಿ. ಕೋಡ್ ಬರೆಯದವರೂ ಓದಬಹುದು.

ಪದ ಅಂದ್ರೇನು ಅಂತ ಯಾರು ಹೇಳಬೇಕು?

ಕಂಪ್ಯೂಟರಿನಲ್ಲಿ ಲಿಪಿಗಳ ಪ್ರತಿಯೊಂದು ಚಿಹ್ನೆಗೂ ಯೂನಿಕೋಡ್ ಒಂದು ಸಂಖ್ಯೆ ಕೊಟ್ಟಿದೆ, ಜೊತೆಗೆ ಒಂದು ವರ್ಗವನ್ನೂ ಕೊಟ್ಟಿದೆ. ನಮ್ಮ ಅ, ಕ, ಮ, ಳ ಎಲ್ಲ ‘ಅಕ್ಷರ’ದ ವರ್ಗ. ಆದರೆ ಗುಣಿತದ ಚಿಹ್ನೆಗಳು (ಆ-ಕಾರ, ಇ-ಕಾರ, ಉ-ಕಾರ, ಓ-ಕಾರ), ಸೊನ್ನೆ, ಒತ್ತಕ್ಷರ ಮಾಡೋ ಅರ್ಧಾಕ್ಷರದ ಗುರುತು, ಇವೆಲ್ಲ ‘ಮಾರ್ಕ್’ ವರ್ಗ. ಇದರಲ್ಲಿ ತಪ್ಪೇನಿಲ್ಲ. ತಪ್ಪು ಆಗೋದು ಮುಂದಿನ ಹೆಜ್ಜೆಯಲ್ಲಿ.

ಪಠ್ಯದಲ್ಲಿ ಏನನ್ನಾದರೂ ಹುಡುಕೋಕೆ ಬಳಸೋ ಸೂತ್ರಗಳಿಗೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಅಂತಾರೆ. ಅದರಲ್ಲಿ ‘ಪದದೊಳಗೆ ಬರಬಹುದಾದ ಚಿಹ್ನೆ’ ಅನ್ನೋದಕ್ಕೆ ಬ್ಯಾಕ್‌ಸ್ಲ್ಯಾಶ್ ಮತ್ತು ಡಬ್ಲ್ಯು ಸೇರಿದ ಒಂದು ಗುರುತಿದೆ. ಇಲ್ಲಿ ಅದನ್ನು ‘ಸ್ಲ್ಯಾಶ್-ಡಬ್ಲ್ಯು’ ಅಂತ ಕರೀತೀನಿ. ಪೈಥಾನ್ ಪ್ರಕಾರ ಅದರಲ್ಲಿ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಅಷ್ಟೇ ಸೇರುತ್ತೆ. ಮಾರ್ಕ್‌ಗಳು ಸೇರೋದಿಲ್ಲ. ಇಂಗ್ಲಿಷಿಗೆ ಇದರಿಂದ ಏನೂ ಆಗಲ್ಲ. ಕನ್ನಡಕ್ಕೆ ಏನಾಗುತ್ತೆ ನೋಡಿ: ‘ಮರೋಳ’ ಓ-ಕಾರದ ಹತ್ತಿರ ಮುರಿದು ‘ಮರ’, ‘ಳ’ ಆಗುತ್ತೆ. ‘ಹುನಗುಂದ’ ಅಂದ್ರೆ ‘ಹ’, ‘ನಗ’, ‘ದ’. ‘ಬಾದಾಮಿ’ ಅಂದ್ರೆ ‘ಬ’, ‘ದ’, ‘ಮ’. ‘ನೀರು’ ಅನ್ನೋದು ‘ನ’ ಮತ್ತು ‘ರ’ ಆಗಿ ಒಡೆಯುತ್ತೆ, ಒಂಟಿ ಅಕ್ಷರಗಳನ್ನು ನಾನು ಬಿಡಿಸಿದ್ದರಿಂದ ಎರಡೂ ಕಸಕ್ಕೆ ಹೋದವು. ಹಾಗೇ ‘ರೈತ’ ಹೋದ, ‘ಹೊಲ’ ಹೋಯ್ತು, ‘ಶಾಲೆ’, ‘ಕಾಲುವೆ’ ಎರಡೂ ಹೋದವು. ‘ಕರೆಂಟು’ ಮಾತ್ರ ‘ಕರ’ ಆಗಿ ಉಳಿಯಿತು. ಸ್ವಲ್ಪ ಅವಸರ ಮಾಡಿದ್ದರೆ ಈ ಭಾಗದ ರೈತರಿಗೆ ಮರಗಳ ಮೇಲೆ ಪ್ರೀತಿ, ತೆರಿಗೆಯ ಮೇಲೆ ಸಿಟ್ಟು ಅಂತ ವಿಶ್ಲೇಷಣೆ ಬರೆದೇಬಿಡ್ತಿದ್ದೆ.

ಒಂಟಿ ಅಕ್ಷರ ಬಿಡೋ ಐಡಿಯಾ ನನ್ನೊಬ್ಬನದೇ ಅಲ್ಲ ಅನ್ನೋದು ಆಮೇಲೆ ಗೊತ್ತಾಯ್ತು. ಮಷೀನ್ ಲರ್ನಿಂಗ್ ಕಲಿಯೋರೆಲ್ಲ ಮೊದಲು ಮುಟ್ಟೋ ಸೈಕಿಟ್-ಲರ್ನ್ ಲೈಬ್ರರಿಯಲ್ಲಿ ಪದ ಎಣಿಸೋ ಸಾಧನಕ್ಕೆ ಡಿಫಾಲ್ಟ್ ನಿಯಮವೇ ‘ಎರಡು ಅಥವಾ ಹೆಚ್ಚು ಸ್ಲ್ಯಾಶ್-ಡಬ್ಲ್ಯು’ ಅಂತ. ಅಂದ್ರೆ ನಿಯಮ ಬದಲಿಸದೆ ಕನ್ನಡದ ಸುದ್ದಿ, ಭಾಷಣ, ಪ್ರಣಾಳಿಕೆಗಳನ್ನು ಅದಕ್ಕೆ ಉಣಿಸಿದವರೆಲ್ಲ ನೀರು, ರೈತ, ಶಾಲೆ ಇಲ್ಲದ ಕರ್ನಾಟಕವನ್ನೇ ಅಳೆದಿರ್ತಾರೆ. ವೆಬ್‌ಸೈಟ್ ಕಟ್ಟೋಕೆ ಬಳಸೋ ಜಾಂಗೋ ಕೂಡ ಬಳಕೆದಾರರ ಹೆಸರು ಪರೀಕ್ಷಿಸೋಕೆ ಇದೇ ಗುರುತನ್ನು ನಂಬಿದೆ. ಅಲ್ಲಿ ‘ಬಸವ’ ಅಂತ ಹೆಸರಿಟ್ಟುಕೊಂಡರೆ ಒಳಗೆ ಬಿಡುತ್ತೆ, ಯಾಕಂದ್ರೆ ಗುಣಿತವೂ ಇಲ್ಲ, ಒತ್ತೂ ಇಲ್ಲ. ‘ಬಸಪ್ಪ’, ‘ಬಸವ್ವ’ ಇಬ್ಬರಿಗೂ ಬಾಗಿಲು ಮುಚ್ಚುತ್ತೆ. ಕೂಡಲಸಂಗಮದ ಸೀಮೆಯಲ್ಲಿ ಕೂತು ಇದನ್ನ ಓದಿದಾಗ ನಗಬೇಕೋ ಅಳಬೇಕೋ ತಿಳೀಲಿಲ್ಲ.

ಒಂದು ದೂರಿನ ವಯಸ್ಸು

‘ಪೈಥಾನ್ ಕನ್ನಡ ವಿರೋಧಿ’ ಅಂತ ಪೋಸ್ಟ್ ಹಾಕೋಕೆ ಮುಂಚೆ ನಾನು ಮಾಡಿದ ಒಂದೇ ಒಳ್ಳೆ ಕೆಲಸ ಅಂದ್ರೆ ಹಳೆಯ ದೂರುಗಳನ್ನು ಹುಡುಕಿದ್ದು. 1693050 ಸಂಖ್ಯೆಯ ದೂರು ಸಿಕ್ಕಿತು. 2007ರಲ್ಲಿ ಯಾರೋ ದೇವನಾಗರಿಯ ಉದಾಹರಣೆ ಕೊಟ್ಟು, ರೋಮನ್ ಅಲ್ಲದ ಲಿಪಿಗಳಿಗೆ ಸ್ಲ್ಯಾಶ್-ಡಬ್ಲ್ಯು ಉಪಯೋಗಕ್ಕೆ ಬರ್ತಿಲ್ಲ ಅಂತ ಬರೆದಿದ್ದಾರೆ. 2011ರ ಆಗಸ್ಟ್‌ನಲ್ಲಿ ಪರ್ಲ್ ಭಾಷೆಯ ಪ್ರಸಿದ್ಧ ಪುಸ್ತಕದ ಲೇಖಕರಲ್ಲೊಬ್ಬರಾದ ಟಾಮ್ ಕ್ರಿಸ್ಟಿಯನ್‌ಸನ್ ಇದೇ ವಿಷಯಕ್ಕೆ ಮತ್ತೊಂದು ದೂರು ಕೊಟ್ಟರು, ಸಂಖ್ಯೆ 12731. ಯೂನಿಕೋಡ್ ಸಂಸ್ಥೆಯ 18ನೇ ತಾಂತ್ರಿಕ ಮಾನದಂಡದ ಪ್ರಕಾರ ಪದದೊಳಗೆ ಮಾರ್ಕ್‌ಗಳು ಸೇರಲೇಬೇಕು, ಪೈಥಾನ್ ಅದನ್ನು ಪಾಲಿಸುತ್ತಿಲ್ಲ ಅನ್ನೋದು ಅವರ ವಾದ. ಪರ್ಲ್‌ನಲ್ಲಿ ಇದು ಸರಿಯಿದೆ. ರಸ್ಟ್ ಭಾಷೆಯ ರೆಜೆಕ್ಸ್ ಲೈಬ್ರರಿಯಲ್ಲೂ ಸರಿಯಿದೆ.

ವಿಚಿತ್ರ ಏನಂದ್ರೆ, ಅದೇ 2007ರಲ್ಲಿ ಪೈಥಾನ್‌ನವರು ಇನ್ನೊಂದು ನಿರ್ಧಾರ ಮಾಡಿದರು. ಪ್ರೋಗ್ರಾಮಿನೊಳಗಿನ ಹೆಸರುಗಳನ್ನು ಯಾವ ಲಿಪಿಯಲ್ಲಾದರೂ ಬರೆಯಬಹುದು ಅನ್ನೋ 3131ನೇ ಪ್ರಸ್ತಾವ ಅದು. 2008ರ ಡಿಸೆಂಬರ್‌ನಲ್ಲಿ ಬಂದ ಪೈಥಾನ್ 3.0ರಿಂದ ‘ನೀರು’ ಅಂತ ಒಂದು ವೇರಿಯಬಲ್ ಇಟ್ಟು ಅದಕ್ಕೆ 5 ಅಂತ ಬೆಲೆ ಕೊಡಬಹುದು, ಭಾಷೆ ತಕರಾರು ಮಾಡಲ್ಲ. ಹೆಸರಿಡೋಕೆ ‘ನೀರು’ ಒಂದು ಪದ, ಹುಡುಕೋಕೆ ಹೋದ್ರೆ ಎರಡು ತುಣುಕು!

ದೂರು ಕೊಟ್ಟರೆ ಏನೂ ಆಗಲ್ಲ ಅಂತ ಇದರಿಂದ ತೀರ್ಮಾನಿಸಬೇಡಿ. ಹಳಗನ್ನಡ ಶಾಸನಗಳಲ್ಲಿ ಬರೋ ‘ೞ’ ಅಕ್ಷರ ನಿಮಗೆ ಗೊತ್ತಿರಬಹುದು. ಯೂನಿಕೋಡ್ ಪಟ್ಟಿಯಲ್ಲಿ ಅದಕ್ಕೆ ಕೊಟ್ಟಿರೋ ಇಂಗ್ಲಿಷ್ ಹೆಸರು ‘ಕನ್ನಡ ಲೆಟರ್ ಫ’! ಒಮ್ಮೆ ಕೊಟ್ಟ ಹೆಸರು ಬದಲಿಸೋ ಹಾಗಿಲ್ಲ ಅನ್ನೋದು ಯೂನಿಕೋಡ್‌ನ ನಿಯಮ. ಹಾಗಾಗಿ ತಪ್ಪನ್ನು ಒಪ್ಪಿಕೊಂಡು ಅಧಿಕೃತವಾಗಿ ಇನ್ನೊಂದು ಹೆಸರು ಸೇರಿಸಿದರು. ಪೈಥಾನ್‌ಗೆ ಈ ತಿದ್ದಿದ ಹೆಸರುಗಳೇ ಗೊತ್ತಿಲ್ಲ ಅಂತ 2011ರಲ್ಲಿ ದೂರು ಕೊಟ್ಟವರೂ ಅದೇ ಕ್ರಿಸ್ಟಿಯನ್‌ಸನ್. 2012ರಲ್ಲಿ ಬಂದ 3.3 ಆವೃತ್ತಿಯಲ್ಲಿ ಅದು ಸರಿಯಾಯ್ತು. ‘ೞ’ ಅವರ ಗುರಿಯಾಗಿರಲಿಲ್ಲ, ಆದರೂ ಲಾಭ ಅದಕ್ಕೂ ಸಿಕ್ಕಿತು.

ಹಾಗಿದ್ರೆ ಸ್ಲ್ಯಾಶ್-ಡಬ್ಲ್ಯು ಯಾಕೆ ನಿಂತಿದೆ? ಪೈಥಾನ್‌ನ ಸಿ ಕೋಡ್‌ನಲ್ಲಿ ‘ಪದದ ಚಿಹ್ನೆ ಅಂದ್ರೇನು’ ಅನ್ನೋ ವ್ಯಾಖ್ಯಾನ ಒಂದೇ ಸಾಲು. ಬದಲಿಸೋದು ಐದು ನಿಮಿಷದ ಕೆಲಸ. ಆದರೆ ಆ ಸಾಲಿನ ಮೇಲೆ ಲೆಕ್ಕವಿಲ್ಲದಷ್ಟು ಪ್ರೋಗ್ರಾಮ್‌ಗಳು ನಿಂತಿವೆ. ಇವತ್ತು ಹೆಸರಿನಲ್ಲಿ ಮಾರ್ಕ್ ಬಿಡದ ಒಂದು ಸೈಟು ನಾಳೆ ಯಾರಿಗೂ ಹೇಳದೆ ಬಿಡೋಕೆ ಶುರು ಮಾಡುತ್ತೆ. ಮಾನದಂಡದ ಪ್ರಕಾರ ಕಣ್ಣಿಗೆ ಕಾಣದ ಜೋಡಕ ಚಿಹ್ನೆಯೂ ಪದದೊಳಗೆ ಸೇರಬೇಕು. ನಮಗೂ ಅದು ಬೇಕು, ‘ರ‍್ಯಾಲಿ’ ಅಂತ ಬರೆಯೋಕೆ. ಆದರೆ ಅದೇ ಚಿಹ್ನೆ ಬಳಸಿ ನೋಡೋಕೆ ಒಂದೇ ಥರ ಕಾಣೋ ಎರಡು ಖಾತೆ ತೆರೆದು ಮೋಸ ಮಾಡಬಹುದು. ಈ ಆತಂಕ ಸುಳ್ಳಲ್ಲ.

ಆದರೂ ನನಗೊಂದು ಅನುಮಾನ ಹೋಗಲ್ಲ. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಅಕ್ಷರವನ್ನು ಐಫೋನ್‌ಗೆ ಕಳಿಸಿದರೆ ಆ್ಯಪ್‌ಗಳೇ ಕುಸಿದು ಬೀಳ್ತಿದ್ದವು. ತೆಲುಗು ಗೊತ್ತಿಲ್ಲದ ಜಗತ್ತಿನ ಅರ್ಧ ಜನ ಅದನ್ನು ಗೆಳೆಯರಿಗೆ ಕಳಿಸಿ ತಮಾಷೆ ನೋಡಿದರು. ಅದೇ ತಿಂಗಳ 19ಕ್ಕೆ ಆ್ಯಪಲ್ ತಿದ್ದುಪಡಿ ಬಿಟ್ಟಿತು. ಅದು ಫೋನನ್ನೇ ಕೆಡಿಸೋ ಬಗ್, ಇದು ಎಣಿಕೆ ಕೆಡಿಸೋ ಬಗ್, ಎರಡೂ ಒಂದೇ ಅಲ್ಲ, ಸರಿ. ಆದರೆ ಅದು ಇಂಗ್ಲಿಷ್ ಬಳಸೋರ ಫೋನನ್ನೂ ಮುಟ್ಟಿತ್ತು.

ದೂರು ಬರೆಯೋ ಬಗೆ

ಪೈಥಾನ್‌ನ ಮೂಲ ಕೋಡ್ 2017ರಿಂದ ಗಿಟ್‌ಹಬ್‌ನಲ್ಲಿದೆ, ದೂರುಗಳೂ 2022ರಿಂದ ಅಲ್ಲೇ ಇವೆ. ಉಚಿತ ಖಾತೆಯಿದ್ದರೆ ಯಾರು ಬೇಕಾದರೂ ಬರೆಯಬಹುದು. ಪದವಿ, ಕಂಪನಿ ಯಾರೂ ಕೇಳಲ್ಲ.

ಹೊಸ ದೂರಿಗಿಂತ ಹಳೆ ದೂರಿಗೆ ಹೊಸ ಪುರಾವೆ ಸೇರಿಸೋದು ಎಷ್ಟೋ ಸಲ ಹೆಚ್ಚು ಉಪಯೋಗ. ‘ನನಗೂ ಹೀಗೇ ಆಗಿದೆ’ ಅಂತ ಬರೆದರೆ ಗದ್ದಲ ಅಷ್ಟೇ. ಯಾವ ಆವೃತ್ತಿ, ಯಾವ ಆಪರೇಟಿಂಗ್ ಸಿಸ್ಟಮ್, ಏನು ಕೊಟ್ಟೆ, ಏನು ಬರಬೇಕಿತ್ತು, ಏನು ಬಂತು, ಇಷ್ಟು ಬೇಕು. ನಿಮ್ಮ ಇನ್ನೂರು ಸಾಲಿನ ಪ್ರೋಗ್ರಾಮ್ ಅಂಟಿಸಬೇಡಿ; ತಪ್ಪು ಉಳಿಯೋವರೆಗೂ ಒಂದೊಂದೇ ಸಾಲು ಅಳಿಸ್ತಾ ಬನ್ನಿ. ನನ್ನದು ಹಾಗೆ ಕಡಿಮೆಯಾಗಿ ಎರಡು ಸಾಲಿಗೆ ಬಂತು. ಹಾಗೆ ಅಳಿಸುವಾಗಲೇ ಅರ್ಧ ಜನಕ್ಕೆ ತಪ್ಪು ತಮ್ಮದೇ ಅಂತ ಗೊತ್ತಾಗೋದು. ಭದ್ರತೆಗೆ ಸಂಬಂಧಿಸಿದ ದೋಷ ಸಿಕ್ಕಿದರೆ ಮಾತ್ರ ಎಲ್ಲರೆದುರು ಬರೆಯೋ ಹಾಗಿಲ್ಲ, ಅದಕ್ಕೆ ಬೇರೆ ಖಾಸಗಿ ದಾರಿಯಿದೆ.

ಕನ್ನಡದ ದೂರಿಗೆ ಇನ್ನೂ ಎರಡು ಎಚ್ಚರ ಬೇಕು. ಓದೋರಿಗೆ ಕನ್ನಡ ಬರಲ್ಲ. ‘ಮರೋಳ’ ಒಡೆದಿದೆ ಅಂದ್ರೆ ಅವರಿಗೆ ಅದು ಒಡೆದ ಹಾಗೆ ಕಾಣೋದೇ ಇಲ್ಲ. ಪ್ರತಿ ಚಿಹ್ನೆಯ ಯೂನಿಕೋಡ್ ಸಂಖ್ಯೆ, ಹೆಸರು ಬಿಡಿಸಿ ಬರೆಯಿರಿ. ಸ್ಕ್ರೀನ್‌ಶಾಟ್ ಹಾಕಿದರೆ ಫಾಂಟಿನ ತಪ್ಪೋ ಭಾಷೆಯ ತಪ್ಪೋ ತಿಳಿಯಲ್ಲ. ಒತ್ತು ಜಾಗ ತಪ್ಪಿ ಕೂತಿದ್ದರೆ ಅದು ಫಾಂಟ್ ಅಥವಾ ಅಕ್ಷರ ಜೋಡಿಸೋ ತಂತ್ರಾಂಶದ ವಿಷಯ, ಪೈಥಾನ್‌ಗೆ ಹೇಳಿ ಪ್ರಯೋಜನ ಇಲ್ಲ. ಎರಡನೆಯದು, ಒಂದೇ ಪದವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. ಓ-ಕಾರ ಒಂದೇ ಚಿಹ್ನೆಯಾಗಿದ್ದರೆ ‘ಮರೋಳ’ದ ಉದ್ದ 4, ಅದನ್ನೇ ಮೂರು ಚಿಹ್ನೆಯಾಗಿ ಬಿಡಿಸಿಟ್ಟರೆ 6. ಕಣ್ಣಿಗೆ ಎರಡೂ ಒಂದೇ. ನುಡಿಯ ಹಳೆಯ ಫಾಂಟಿನಿಂದ ಪರಿವರ್ತಿಸಿ ತಂದ ಕಡತವಾಗಿದ್ದರೆ ಇದನ್ನು ಮೊದಲು ನೋಡಿಕೊಳ್ಳಿ.

ಪ್ಯಾಚ್

ಪ್ಯಾಚ್ ಅಂದ್ರೆ ‘ಹೀಗೆ ಬದಲಿಸಿದರೆ ಸರಿಹೋಗುತ್ತೆ’ ಅಂತ ಬದಲಾವಣೆಯನ್ನೇ ಬರೆದು ಕಳಿಸೋದು. ಮೂಲ ಕೋಡ್‌ನ ಪ್ರತಿ ಇಳಿಸಿಕೊಂಡು, ನಿಮ್ಮ ಕಂಪ್ಯೂಟರಿನಲ್ಲೇ ಪೈಥಾನ್ ಕಟ್ಟಬೇಕು. ಲಿನಕ್ಸ್ ಇದ್ದರೆ ಎರಡು ಆದೇಶ, ಒಂದು ಚಹಾ ಕುಡಿಯೋ ಹೊತ್ತು. ಬದಲಾವಣೆ ಯಾವಾಗಲೂ ‘ಮೇನ್’ ಶಾಖೆಗೆ. ಜೊತೆಗೆ ಒಂದು ಪರೀಕ್ಷೆ ಬೇಕು: ಹಳೇ ಕೋಡ್‌ನಲ್ಲಿ ಸೋಲಬೇಕು, ನಿಮ್ಮ ಕೋಡ್‌ನಲ್ಲಿ ಗೆಲ್ಲಬೇಕು. ಬಳಕೆದಾರರಿಗೆ ತಿಳಿಯಬೇಕಾದ ಬದಲಾವಣೆಯಾದರೆ ಎರಡು ಸಾಲಿನ ಸುದ್ದಿ ಟಿಪ್ಪಣಿಯನ್ನೂ ಬರೀಬೇಕು. ಮೊದಲ ಸಲ ಕಳಿಸೋರು ಕೊಡುಗೆದಾರರ ಒಪ್ಪಂದಕ್ಕೆ ಆನ್‌ಲೈನ್‌ನಲ್ಲೇ ಸಹಿ ಹಾಕಬೇಕು. ಆಮೇಲೆ ಕಾಯೋದು. ಓದೋರಲ್ಲಿ ಹೆಚ್ಚಿನವರು ಬಿಡುವಿನ ವೇಳೆಯಲ್ಲಿ ಕೆಲಸ ಮಾಡೋರು. ವಾರ ಆಗಬಹುದು, ವರ್ಷವೂ ಆಗಬಹುದು.

ಮೊದಲ ಪ್ಯಾಚ್‌ಗೆ ದಾಖಲೆ ಪುಟಗಳೇ ಒಳ್ಳೆಯವು. ಅಲ್ಲಿ ಒಂದು ತಪ್ಪು ವಾಕ್ಯ ತಿದ್ದೋಕೆ ಸಿ ಭಾಷೆ ಬರಬೇಕಿಲ್ಲ. ಜೊತೆಗೂಡಿ ಮಾಡೋ ಆಸೆಯಿದ್ದರೆ ಪೈಕಾನ್ ಇಂಡಿಯಾ ಇದೆ. ಇದರ ಮೊದಲ ಸಮ್ಮೇಳನ 2009ರಲ್ಲಿ ಬೆಂಗಳೂರಿನ ಐಐಎಸ್‌ಸಿಯಲ್ಲೇ ನಡೆದದ್ದು. ಈಗ ಸಮ್ಮೇಳನದ ಜೊತೆ ಹೊಸಬರನ್ನು ಕೂರಿಸಿಕೊಂಡು ಪ್ಯಾಚ್ ಬರೆಸೋ ಸ್ಪ್ರಿಂಟ್‌ಗಳೂ ನಡೆಯುತ್ತವೆ.

ನನ್ನ ಸಮಸ್ಯೆಗೆ ಅಡ್ಡದಾರಿ ಒಂದಿತ್ತು. ಪೈಥಾನ್‌ಗೆ ಹೊರಗಿನಿಂದ ಸೇರಿಸಿಕೊಳ್ಳಬಹುದಾದ ‘ರೆಜೆಕ್ಸ್’ ಅನ್ನೋ ಮಾಡ್ಯೂಲ್ ಸ್ಲ್ಯಾಶ್-ಡಬ್ಲ್ಯುಗೆ ಯೂನಿಕೋಡ್ ಹೇಳಿದ ಅರ್ಥವನ್ನೇ ಕೊಡುತ್ತೆ. ಅದರ ದಾಖಲೆಯಲ್ಲಿ 1693050ನೇ ದೂರಿನ ಉಲ್ಲೇಖವೂ ಇದೆ. ಒಂದು ಸಾಲು ಬದಲಿಸಿದೆ, ‘ನೀರು’ ಮೊದಲ ಸ್ಥಾನಕ್ಕೆ ಬಂತು, ‘ಮರ’ ಎಲ್ಲೋ ತಳಕ್ಕೆ ಹೋಯ್ತು. ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ಹನಿ ನೀರಾವರಿ ಪೈಪಿನ ತೂತು ಕಟ್ಟಿಕೊಂಡರೆ ಪ್ರತಿಯೊಬ್ಬ ರೈತನೂ ತನ್ನ ಹೊಲದಲ್ಲಿ ಪಿನ್ ಹಿಡಿದು ಚುಚ್ಚುತ್ತಾ ಕೂರೋದೂ ಒಂದು ದಾರಿ, ಮೇಲೆ ಫಿಲ್ಟರ್ ಸರಿಮಾಡೋದೂ ಒಂದು ದಾರಿ. ಮುಕ್ತ ತಂತ್ರಾಂಶದವರು ಮೂಲ ಯೋಜನೆಗೆ ಕರೆಯೋದೂ ‘ಅಪ್‌ಸ್ಟ್ರೀಮ್’ ಅಂತಲೇ, ಅಂದ್ರೆ ಹರಿವಿನ ಮೇಲ್ಭಾಗ. ನಾನು ನನ್ನ ಹೊಲದ ತೂತು ಬಿಡಿಸಿಕೊಂಡಿದ್ದೆ ಅಷ್ಟೇ. ನಾಳೆ ಇಳಕಲ್‌ನ ಯಾವುದೋ ಕಾಲೇಜು ಹುಡುಗಿ ನೇಕಾರರ ಮಾತುಗಳನ್ನು ಎಣಿಸೋಕೆ ಕೂತರೆ ಅವಳಿಗೆ ಮತ್ತೆ ಅದೇ ತುಣುಕುಗಳು ಸಿಗ್ತವೆ.

ಹಾಗಾಗಿ ಸಣ್ಣದೊಂದು ಪ್ಯಾಚ್ ಬರೆಯೋಕೆ ಕೂತಿದ್ದೀನಿ. ಸ್ಲ್ಯಾಶ್-ಡಬ್ಲ್ಯು ವರ್ತನೆ ಬದಲಿಸೋ ಧೈರ್ಯ ನನಗಿಲ್ಲ, ಅದು ದೊಡ್ಡವರ ಚರ್ಚೆಯಾಗಬೇಕು. ದಾಖಲೆ ಪುಟದಲ್ಲಿ ಅದಕ್ಕೆ ಅಕ್ಷರ, ಅಂಕಿ ಸೇರುತ್ತೆ ಅಂತಿದೆ; ಭಾರತದ ಲಿಪಿಗಳ ಗುಣಿತ ಚಿಹ್ನೆಗಳು ಸೇರೋದಿಲ್ಲ ಅಂತ ಇನ್ನೊಂದು ವಾಕ್ಯ, ಒಂದು ಉದಾಹರಣೆ ಸೇರಿಸ್ತಿದ್ದೀನಿ. ಉದಾಹರಣೆಗೆ ‘ಮರೋಳ’ವನ್ನೇ ಇಟ್ಟಿದ್ದೀನಿ. ಕಾಕಾನಿಗೆ ಹೇಳಿದಾಗ, “ನಮ್ಮೂರ ಹೆಸರು ಅಲ್ಲ್ಯಾಕ ಬೇಕಾಗಿತ್ತೋ?” ಅಂದ. ಅಲ್ಲಿ ಮುರಿದೈತಿ, ಅದಕ್ಕ ಅಂದೆ. ಪ್ಯಾಚ್ ಇನ್ನೂ ನನ್ನ ಲ್ಯಾಪ್‌ಟಾಪಿನಲ್ಲೇ ಇದೆ, ಇಂಗ್ಲಿಷ್ ವಾಕ್ಯ ಎರಡು ಸಲ ತಿದ್ದಿದ್ದೀನಿ. ಈ ಭಾನುವಾರ ಕಳಿಸ್ತೀನಿ.