ಜಾವಾದ ಕ್ಲಚ್ಚು, ಗೇರು, ಚೈನು: ಮೈಸೂರಿನ ಒಂದು ಯಂತ್ರದ ಚರಿತ್ರೆ

ಹುಣಸೂರು ಸೀಮೆಯಲ್ಲಿ ಗಾಡಿ ಕಟ್ಟುವ ಕಸುಬು ಮೋಟಾರಿಗಿಂತ ಬಹಳ ಹಳೆಯದು. ಅಮೃತಮಹಲ್ ದನಗಳ ಇಲಾಖೆಯ ನೆಲೆಯಾಗಿದ್ದ ಈ ಊರಿನಲ್ಲಿ ಬ್ರಿಟಿಷ್ ಸೇನೆಯ ಸರಬರಾಜು ವಿಭಾಗವು ಚರ್ಮ ಹದಮಾಡುವ ಕಾರ್ಖಾನೆಯನ್ನೂ ಕಂಬಳಿ ಕಾರ್ಖಾನೆಯನ್ನೂ ಮರದ ಅಡ್ಡೆಯನ್ನೂ ನಡೆಸುತ್ತಿತ್ತು. 1864ರಲ್ಲಿ ಅವೆಲ್ಲ ಮುಚ್ಚಿದ ಮೇಲೂ ಅಲ್ಲಿ ಪಳಗಿದ ಕೈಗಳು ಊರಿನಲ್ಲೇ ಉಳಿದವು, ಎತ್ತಿನ ಗಾಡಿಗಳ ತಯಾರಿಕೆಯೂ ಮುಂದುವರಿಯಿತು. ಎತ್ತಿನ ಗಾಡಿಯ ಚಕ್ರ ತಾನಾಗಿ ಏನನ್ನೂ ಎಳೆಯುವುದಿಲ್ಲ, ಎತ್ತು ಎಳೆದತ್ತ ಉರುಳುತ್ತದೆ. ಅಚ್ಚಿಗೆ ಕೀಲೆಣ್ಣೆ ಹಾಕಿ, ಸಡಿಲವಾದ ಪಟ್ಟಿಯನ್ನು ಬಿಗಿದರೆ ಅದರ ಆರೈಕೆ ಬಹುಮಟ್ಟಿಗೆ ಮುಗಿಯಿತು. ಚೈನಿನಿಂದ ಓಡುವ ಮೋಟಾರ್‌ಸೈಕಲ್ಲಿನಲ್ಲಾದರೋ ಬಲವು ಎಂಜಿನ್ನಿನಲ್ಲಿ ಹುಟ್ಟಿ ಚಕ್ರಕ್ಕೆ ತಲುಪಬೇಕು, ಆ ದಾರಿಯ ನಡುವೆ ಪ್ರೈಮರಿ ಚೈನು, ಕ್ಲಚ್ಚು, ಗೇರ್‌ಬಾಕ್ಸು, ಹಿಂದಿನ ಚೈನು ಎಂಬ ನಾಲ್ಕು ಕೈಗಳನ್ನು ದಾಟಬೇಕು. ಈ ಸೀಮೆಯ ಜನ ಈ ನಾಲ್ಕರ ಸ್ವಭಾವವನ್ನು ಹತ್ತಿರದಿಂದ ಅರಿತದ್ದು ಹೆಚ್ಚಾಗಿ ಒಂದೇ ಯಂತ್ರದಿಂದ, ಅದು ಮೈಸೂರಿನಲ್ಲಿ ತಯಾರಾದ ಜಾವಾ.

ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿಯವರು 1960ರಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಂಪನಿಯ ಕಾರ್ಖಾನೆಯು ಮೈಸೂರಿನ ಯಾದವಗಿರಿಯಲ್ಲಿತ್ತು. ಅದನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಚೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿಯಲ್ಲಿ ಆರಂಭವಾದ ತಯಾರಿಕೆಯು 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಮುಂದುವರಿಯಿತು. 1978ರಲ್ಲಿ ಬಂದ 16 ಅಶ್ವಶಕ್ತಿಯ ರೋಡ್‌ಕಿಂಗ್ ವೇಗದ ಚಟವಿದ್ದ ಯುವಕರ ಮೆಚ್ಚಿನ ಗಾಡಿಯಾಯಿತು. ಹೆಸರು, ಟ್ಯಾಂಕು, ಬಣ್ಣ ಬದಲಾದರೂ ಎಂಜಿನ್ನಿನಿಂದ ಚಕ್ರದವರೆಗಿನ ಏರ್ಪಾಡು ಮಾತ್ರ ಮೂಲದಲ್ಲಿ ಬದಲಾಗಲಿಲ್ಲ ಎಂಬುದು ಈ ಚರಿತ್ರೆಗೆ ಮುಖ್ಯವಾದ ಸಂಗತಿ.

ಆ ಏರ್ಪಾಡಿನ ಬೇರು ಯುರೋಪಿನಲ್ಲಿದೆ. ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಕೊಂಡ ವಿನ್ಯಾಸದ ಮೊದಲ ಜಾವಾದಲ್ಲಿ ಚೈನೇ ಇರಲಿಲ್ಲ, ಬಲವು ಉಕ್ಕಿನ ಶಾಫ್ಟಿನ ಮೂಲಕ ಹಿಂಚಕ್ರಕ್ಕೆ ಹೋಗುತ್ತಿತ್ತು. ಆ ಗಾಡಿ ದುಬಾರಿಯಾದ್ದರಿಂದ ಸಂಸ್ಥೆಯು ಬೇಗನೆ ಅಗ್ಗದ ಟೂ-ಸ್ಟ್ರೋಕ್ ಎಂಜಿನ್ನಿಗೂ ಚೈನಿಗೂ ತಿರುಗಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗುಟ್ಟಾಗಿ ರೂಪುಗೊಂಡು 1946ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಕಾಣಿಸಿಕೊಂಡ 250 ಸಿಸಿ ಪೆರಾಕ್ ಮಾದರಿಯಲ್ಲಿ ಅರೆ-ಸ್ವಯಂಚಾಲಿತ ಕ್ಲಚ್ ಬಂದಿತು. 1954ರಿಂದ ತಯಾರಾದ 353 ಮಾದರಿಯೂ ಅದನ್ನು ಉಳಿಸಿಕೊಂಡಿತು, ಆ ಮಾದರಿಯೇ ಮೈಸೂರಿನ ಜಾವಾಕ್ಕೆ ತಾಯಿ.

ಕ್ಲಚ್ ಎಂದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಸಂಬಂಧವನ್ನು ಬೇಕಾದಾಗ ಬಿಡಿಸಿ ಬೇಕಾದಾಗ ಕೂಡಿಸುವ ಸಾಧನ. ಸಾಮಾನ್ಯ ಮೋಟಾರ್‌ಸೈಕಲ್ಲಿನಲ್ಲಿ ಅದು ಎಡಗೈಯ ಲಿವರಿನಿಂದ ಮಾತ್ರ ನಡೆಯುತ್ತದೆ. ಜಾವಾದಲ್ಲಿ ಗೇರ್ ಲಿವರನ್ನು ಕಾಲಿನಿಂದ ಒತ್ತಿದಾಗಲೂ ಅದರ ಶಾಫ್ಟಿಗೆ ಜೋಡಿಸಿದ ಒಂದು ಭಾಗವು ಕ್ಲಚ್ಚನ್ನು ಬಿಡಿಸುತ್ತದೆ, ಆದ್ದರಿಂದ ಓಡುತ್ತಿರುವ ಗಾಡಿಯ ಗೇರನ್ನು ಕೈಲಿವರ್ ಮುಟ್ಟದೆಯೇ ಬದಲಿಸಬಹುದು. ಇಷ್ಟು ಸಾಲದೆಂಬಂತೆ ಅದೇ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಒಂದೇ ಕಬ್ಬಿಣದ ತುಂಡಿಗೆ ಮೂರು ಕೆಲಸ ಹೊರಿಸಿದ ಈ ಜಾಣ್ಮೆ ಜಾವಾದ ಹೆಗ್ಗಳಿಕೆಯೂ ಹೌದು, ಅದರ ಕ್ಲಚ್ಚಿನ ಕಾಯಿಲೆಗಳ ಮೂಲವೂ ಹೌದು.

ಲಿವರಿನ ಮೇಲೆ ಕಾಲಿಟ್ಟುಕೊಂಡೇ ಗಾಡಿ ಓಡಿಸುವ ಅಭ್ಯಾಸ ಬೇರೆ ಗಾಡಿಗಳಲ್ಲಿ ಇಷ್ಟು ಬಾಧಕವಾಗದು. ಇಲ್ಲಿ ಪಾದದ ಭಾರವೇ ಕ್ಲಚ್ಚನ್ನು ಅರ್ಧ ಬಿಡಿಸುವುದರಿಂದ ಅದರೊಳಗಿನ ಪ್ಲೇಟುಗಳು ಒಂದರ ಮೇಲೊಂದು ಜಾರುತ್ತ ಉಜ್ಜಿಕೊಳ್ಳುತ್ತವೆ. ಹಳೆಯ ಮಾದರಿಗಳಲ್ಲಿ ಪ್ಲೇಟುಗಳಿಗೆ ಹಿಡಿತ ಕೊಡುತ್ತಿದ್ದುದು ಕಾರ್ಕ್. ಅದು ಎಣ್ಣೆಯಲ್ಲಿ ಮುಳುಗಿ ಮೆತ್ತಗೆ ಕೆಲಸ ಮಾಡುತ್ತದೆಯಾದರೂ ಉಜ್ಜಾಟದ ಕಾವಿಗೆ ಬೇಗ ಸುಟ್ಟು ಕರಕಲಾಗುತ್ತದೆ. ಆಗ ಏರಿನಲ್ಲಿ ಎಂಜಿನ್ನು ಅಬ್ಬರಿಸುತ್ತದೆ, ಗಾಡಿ ಮುಂದಕ್ಕೆ ಹೋಗುವುದಿಲ್ಲ. ಇದರ ವಿರುದ್ಧವಾದ ತೊಂದರೆಯೆಂದರೆ ಕ್ಲಚ್ ಪೂರ್ತಿ ಬಿಡದಿರುವುದು. ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಅದರಲ್ಲೂ ತೀರ ಮಂದವಾದ ಎಣ್ಣೆ ಹಾಕಿದ್ದರೆ, ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡು, ಬೆಳಿಗ್ಗೆ ಮೊದಲ ಗೇರು ಹಾಕಿದೊಡನೆ ‘ದಡ್’ ಎಂಬ ಸದ್ದಿನೊಂದಿಗೆ ಗಾಡಿ ಮುಂದಕ್ಕೆ ಜಿಗಿಯುತ್ತದೆ. ಎಂಜಿನ್ ಹಚ್ಚುವ ಮೊದಲೇ ಗೇರ್ ಹಾಕಿ, ಕ್ಲಚ್ ಹಿಡಿದು, ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ತಳ್ಳಿ ಪ್ಲೇಟು ಬಿಡಿಸಿಕೊಳ್ಳುವುದು ಇದಕ್ಕೆ ಉಪಾಯ. ಜಾರಾಟ ಮತ್ತು ಅಂಟು, ಈ ಎರಡೂ ಅನೇಕ ವೇಳೆ ಕೇಬಲ್ಲಿನ ಸಡಿಲವನ್ನೂ ಪುಶ್‌ರಾಡ್ ಎಂಬ ತಳ್ಳುಕಡ್ಡಿಯ ಬಿಡುವನ್ನೂ ಸರಿಪಡಿಸಿದರೆ ಹೋಗುತ್ತವೆ, ಆದರೆ ಕೈಯ ಕ್ಲಚ್ಚೂ ಕಾಲಿನ ಕ್ಲಚ್ಚೂ ಒಂದಕ್ಕೊಂದು ಹೊಂದುವಂತೆ ಸೆಟ್ಟಿಂಗ್ ಮಾಡಬೇಕಾದ್ದರಿಂದ ಒಂದನ್ನು ಸರಿಮಾಡಲು ಹೋಗಿ ಇನ್ನೊಂದನ್ನು ಕೆಡಿಸುವುದು ಸುಲಭ. ಜಾವಾ ಬಲ್ಲ ಮೆಕ್ಯಾನಿಕ್ಕನಿಗೂ ಬೇರೆಯವನಿಗೂ ಇದ್ದ ಅಂತರವನ್ನು ಅಳೆಯಲು ಈ ಒಂದು ಸೆಟ್ಟಿಂಗ್ ಸಾಕಾಗಿತ್ತು.

ಗೇರ್ ಜಂಪ್ ಆಗುವುದು, ಎಂದರೆ ಹಾಕಿದ ಗೇರು ತಾನೇ ಕಳಚಿ ನ್ಯೂಟ್ರಲ್ಲಿಗೆ ಬೀಳುವುದು, ಹಳೆಯ ಗಾಡಿಗಳ ಇನ್ನೊಂದು ದೂರು. ಪಕ್ಕಪಕ್ಕದ ಎರಡು ಗೇರ್ ಚಕ್ರಗಳನ್ನು ಕೂಡಿಸುವ ಗಟ್ಟಿ ಹಲ್ಲುಗಳ ಮೂಲೆ ಸವೆದು ಗುಂಡಗಾದರೆ, ಅಥವಾ ಆ ಚಕ್ರಗಳನ್ನು ಸರಿಸುವ ಕವಲು ಬಾಗಿದರೆ ಹೀಗಾಗುತ್ತದೆ. ಲಿವರನ್ನು ಪೂರ್ತಿ ಒತ್ತದೆ ಅವಸರದಲ್ಲಿ ಬಿಡುವವರ ಗಾಡಿಯಲ್ಲಿ ಈ ಸವೆತ ಬೇಗ. ಇದಕ್ಕೆ ಸೆಟ್ಟಿಂಗಿನ ಮದ್ದಿಲ್ಲ, ಎಂಜಿನ್ ಇಳಿಸಿ ಬಿಚ್ಚಲೇಬೇಕು.

ಮೋಸ ಮಾಡುವ ಕಾಯಿಲೆಯೆಂದರೆ ಆಯಿಲ್ ಸೀಲಿನದು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಕ್ರ್ಯಾಂಕಿನ ಬೇರಿಂಗುಗಳನ್ನು ನಯವಾಗಿಡುತ್ತದೆ. ಕ್ಲಚ್ಚು ಮತ್ತು ಗೇರುಗಳ ಎಣ್ಣೆ ಬೇರೆ, ಇವೆರಡರ ನಡುವೆ ಗೋಡೆಯಂತಿರುವುದು ಒಂದು ರಬ್ಬರ್ ಉಂಗುರ. ಅದು ಗಡುಸಾಗಿ ಬಿರಿದರೆ ಎಂಜಿನ್ನು ಗೇರ್‌ಬಾಕ್ಸಿನ ಎಣ್ಣೆಯನ್ನು ಒಳಗೆ ಹೀರಿಕೊಂಡು ಸುಡುತ್ತದೆ. ಆಗ ಹೊಗೆ ದಟ್ಟವಾಗುತ್ತದೆ, ಪ್ಲಗ್ಗು ಮತ್ತೆಮತ್ತೆ ಒದ್ದೆಯಾಗುತ್ತದೆ, ನೆಲಕ್ಕೆ ಒಂದು ಹನಿಯೂ ಸೋರದೆ ಗೇರ್‌ಬಾಕ್ಸು ಬರಿದಾಗುತ್ತದೆ. ಹೊಗೆಯನ್ನು ಕಂಡು ಪಿಸ್ಟನ್ ರಿಂಗ್ ಬದಲಿಸಿದವರು ಹಣವನ್ನೂ ಗೇರುಗಳನ್ನೂ ಒಟ್ಟಿಗೆ ಕಳೆದುಕೊಂಡಂತೆಯೇ ಸರಿ.

ಹಿಂದಿನ ಚೈನಿನ ಕಥೆ ಈ ಸೀಮೆಯ ದಾರಿಗಳಿಗೆ ಹೆಚ್ಚು ಹತ್ತಿರ. ಜಾವಾದ ಚೈನು ಪೂರ್ತಿಯಾಗಿ ತಗಡಿನ ಪೆಟ್ಟಿಗೆಯೊಳಗೆ ಓಡುತ್ತದೆ. ಹಿಂಚಕ್ರ ಪಂಕ್ಚರ್ ಆದರೆ ಅಚ್ಚನ್ನು ಎಳೆದು, ಚೈನನ್ನೂ ಸ್ಪ್ರಾಕೆಟ್ಟನ್ನೂ ಅಲ್ಲೇ ಬಿಟ್ಟು ಚಕ್ರವನ್ನಷ್ಟೇ ಹೊರತೆಗೆಯಬಹುದು. ಲಕ್ಷ್ಮಣತೀರ್ಥದ ದಂಡೆಯ ಹನಗೋಡಿನಿಂದ ನಾಗರಹೊಳೆಯ ಕಾಡಂಚಿನವರೆಗೆ, ಪಿರಿಯಾಪಟ್ಟಣ ಮತ್ತು ಎಚ್.ಡಿ. ಕೋಟೆಯ ಹೊಗೆಸೊಪ್ಪಿನ ಹೊಲಗಳ ನಡುವೆ, ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಕೆಮ್ಮಣ್ಣಿನ ಧೂಳು ಇರುವ ಮಣ್ಣುದಾರಿಗಳಿಗೆ ಈ ಮುಚ್ಚಿದ ಚೈನಿನಷ್ಟು ಒಪ್ಪುವ ಏರ್ಪಾಡು ಇನ್ನೊಂದಿರಲಿಲ್ಲ. ಆದರೆ ಕಣ್ಣಿಗೆ ಬೀಳದ ಚೈನಿಗೆ ಗ್ರೀಸು ಹಾಕುವ ನೆನಪು ಯಾರಿಗೂ ಬರುವುದಿಲ್ಲ. ಒಣಗಿ ಜೋಲುಬಿದ್ದ ಚೈನು ತಗಡಿಗೆ ಬಡಿಯುವ ಸದ್ದು ಕೇಳುವ ಹೊತ್ತಿಗೆ ಸ್ಪ್ರಾಕೆಟ್ಟಿನ ಹಲ್ಲುಗಳು ಕೊಕ್ಕೆಯಂತೆ ಬಾಗಿರುತ್ತವೆ, ಎಳೆತದ ಹೊಡೆತವನ್ನು ತಡೆಯಲು ಹಬ್ಬಿನೊಳಗೆ ಇಟ್ಟ ರಬ್ಬರ್ ತುಂಡುಗಳೂ ಪುಡಿಯಾಗಿರುತ್ತವೆ. ಸದ್ದು ತಾಳಲಾರದೆ ಪೆಟ್ಟಿಗೆಯನ್ನೇ ಕಿತ್ತೆಸೆದವರು ಧೂಳಿಗೆ ಬಾಗಿಲು ತೆರೆದುಕೊಟ್ಟರು.

1980ರ ದಶಕದ ನಡುವೆ ಜಪಾನಿ ಸಹಯೋಗದ 100 ಸಿಸಿ ಗಾಡಿಗಳು ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಹೋಗಿ ತೋರಿಸಿದ ಮೇಲೆ, ಹೊಗೆಯ ಮೇಲಿನ ಕಾನೂನು ಬಿಗಿಯಾದ ಮೇಲೆ, ಯಾದವಗಿರಿಯ ಕಾರ್ಖಾನೆಗೆ ಉಸಿರು ಕಟ್ಟಿತು; 1996ರಲ್ಲಿ ಅದು ಮುಚ್ಚಿತು. ಅಲ್ಲಿಂದಾಚೆಗೆ ಕಾಯಿಲೆಗಳ ಸ್ವರೂಪವೂ ಬದಲಾಯಿತು. ಮೊದಲು ಸವೆತ ಮತ್ತು ಅಲಕ್ಷ್ಯದಿಂದ ಕೆಡುತ್ತಿದ್ದ ಗಾಡಿ, ಈಗ ಅಳತೆ ತಪ್ಪಿದ ನಕಲಿ ಪ್ಲೇಟು, ಮೆದು ಉಕ್ಕಿನ ಸ್ಪ್ರಾಕೆಟ್ಟುಗಳಿಂದಲೂ ಕೆಡತೊಡಗಿತು. ಒಟ್ಟಿನಲ್ಲಿ ನೋಡಿದರೆ ವಿನ್ಯಾಸದ ತಪ್ಪಿನಿಂದ ಹುಟ್ಟಿದ ದೋಷಗಳು ಜಾವಾದಲ್ಲಿ ಕಡಿಮೆ, ಓಡಿಸುವವನ ಕಾಲಿನಿಂದಲೂ ಸೆಟ್ಟಿಂಗ್ ಮಾಡುವವನ ಕೈಯಿಂದಲೂ ಬಂದವೇ ಹೆಚ್ಚು ಎಂದು ಹೇಳಬೇಕಾಗುತ್ತದೆ. 2018ರ ನವೆಂಬರಿನಲ್ಲಿ ಜಾವಾ ಹೆಸರು ಮತ್ತೆ ಮಾರುಕಟ್ಟೆಗೆ ಬಂದಾಗ ಗಾಡಿ ತಯಾರಾದದ್ದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಅದರ 293 ಸಿಸಿ ಫೋರ್-ಸ್ಟ್ರೋಕ್ ಎಂಜಿನ್ನಿಗೂ ಆರು ಗೇರುಗಳ ಪೆಟ್ಟಿಗೆಗೂ ಹಳೆಯ ಜಾವಾದ ಕ್ಲಚ್ಚು, ಗೇರುಗಳೊಂದಿಗೆ ಸಂಬಂಧವಿಲ್ಲ.