ಕುಟುಂಬದ ಕಾರಿಗೆ ಯಾವ ಎಂಜಿನ್ ಆಯಿಲ್? ಡಬ್ಬಿಯ ಮೇಲಿನ ಬರಹವನ್ನು ಓದುವ ಬಗೆ

ಮನೆಯ ಹತ್ತಿರದ ಶಾಲೆಯಲ್ಲಿ ಕನ್ನಡ ತರಗತಿ ಇಲ್ಲದಿದ್ದಾಗ ನಾಲ್ಕೈದು ಕಿಲೋಮೀಟರ್ ಆಚೆಯ ಶಾಲೆಗೆ ಎರಡು ಮೂರು ಮನೆಗಳ ಮಕ್ಕಳು ಒಂದೇ ಕಾರಿನಲ್ಲಿ ಹೋಗಿಬರುವುದು ಮಂಜೇಶ್ವರ ತಾಲೂಕಿನ ನಮ್ಮ ಊರುಗಳಲ್ಲಿ ರೂಢಿಯಾಗಿದೆ. ಕಳೆದ ಮಳೆಗಾಲದಲ್ಲಿ ಅಂಥದೊಂದು ಡೀಸೆಲ್ ಕಾರು ಮೂರು ವಾರ ನಿಂತುಹೋಯಿತು. ಅದರ ಗುರುತು ನಮ್ಮ ಹಾಜರಿ ಪುಸ್ತಕದಲ್ಲಿ ಇನ್ನೂ ಇದೆ. ವಿಚಾರಿಸಿದಾಗ, ಆ ಕಾರಿಗೆ ಸಲ್ಲದ ವರ್ಗದ ಎಂಜಿನ್ ಆಯಿಲನ್ನು ಎರಡು ವರ್ಷಗಳಿಂದ ತುಂಬಿಸುತ್ತಿದ್ದುದು ತಿಳಿಯಿತು. ಗ್ಯಾರೇಜಿನವರು ಮೋಸ ಮಾಡಿರಲಿಲ್ಲ; ಹಳೆಯ ಡೀಸೆಲ್ ಕಾರುಗಳಿಗೆ ಹಾಕುತ್ತಿದ್ದುದನ್ನೇ ಇದಕ್ಕೂ ಹಾಕಿದ್ದರು. ಆದುದರಿಂದ ಡಬ್ಬಿಯ ಮೇಲಿನ ಬರಹವನ್ನು ಪೋಷಕರೇ ಓದಿಕೊಳ್ಳುವಷ್ಟು ತಿಳಿವಳಿಕೆಯನ್ನು ಇಲ್ಲಿ ಕೊಡುತ್ತಿದ್ದೇವೆ.

ಮೊದಲು ಕಾಣುವುದು ದಪ್ಪ ಅಕ್ಷರದ 5ಡಬ್ಲ್ಯು-30, 0ಡಬ್ಲ್ಯು-20, 20ಡಬ್ಲ್ಯು-50 ಎಂಬಂಥ ಅಂಕೆಗಳು. ಇವು ತೈಲದ ಸ್ನಿಗ್ಧತೆಯನ್ನು, ಅಂದರೆ ಹರಿಯಲು ಅದು ತೋರುವ ಪ್ರತಿರೋಧವನ್ನು ಸೂಚಿಸುತ್ತವೆ. ಜೇನು ಮತ್ತು ನೀರು ಹರಿಯುವ ವ್ಯತ್ಯಾಸವನ್ನು ನೆನೆಯಬಹುದು. ಡಬ್ಲ್ಯು ಎಂದರೆ ಚಳಿಗಾಲ. 5ಡಬ್ಲ್ಯು ತೈಲವನ್ನು ಮೈನಸ್ 30 ಡಿಗ್ರಿಯಲ್ಲಿ, 20ಡಬ್ಲ್ಯು ತೈಲವನ್ನು ಮೈನಸ್ 15 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ. ಎರಡನೆಯ ಅಂಕೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೈಲ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದನ್ನು ಹೇಳುತ್ತದೆ.

ಮೈನಸ್ 30 ಡಿಗ್ರಿಯ ಗೊಡವೆ ನಮಗೇಕೆ ಎಂದು ಕೇಳಬಹುದು. ಉದಕಮಂಡಲದ ಜನವರಿ ಬೆಳಗೂ ಸೊನ್ನೆಯ ಆಸುಪಾಸಿಗಷ್ಟೇ ಇಳಿಯುತ್ತದೆ. ಆದರೆ ರಾತ್ರಿಯಿಡೀ ನಿಂತ ಎಂಜಿನ್‌ಗೆ 25 ಡಿಗ್ರಿಯೂ ತಂಪೇ. ಕೀಲಿ ತಿರುಗಿಸಿದ ಮೊದಲ ಕ್ಷಣಗಳಲ್ಲಿ ತೈಲ ಬೇಗನೆ ಮೇಲಿನ ಭಾಗಗಳನ್ನು ಮುಟ್ಟಬೇಕು. ಆ ಹೊತ್ತಿನಲ್ಲಿ 20ಡಬ್ಲ್ಯು-50 ನಿಧಾನ, 0ಡಬ್ಲ್ಯು-20 ಚುರುಕು. ಇನ್ನು, ‘ನಮ್ಮ ಸೆಖೆಗೆ ದಪ್ಪ ಆಯಿಲೇ ಬೇಕು’ ಎಂಬ ಮಾತನ್ನು ಕಾಸರಗೋಡಿನಲ್ಲಿಯೂ 40 ಡಿಗ್ರಿ ದಾಟುವ ಸೊಲ್ಲಾಪುರದಲ್ಲಿಯೂ ಕೇಳುತ್ತೇವೆ. ಬಿಸಿಯಾದ ಎಂಜಿನ್‌ನ ಒಳಗಿನ ಉಷ್ಣತೆಯನ್ನು ಬಹುಮಟ್ಟಿಗೆ ನಿಯಂತ್ರಿಸುವುದು ಥರ್ಮೋಸ್ಟಾಟ್ ಮತ್ತು ಕೂಲಂಟ್. ಹೊರಗಿನ ಬಿಸಿಲಿನ ಪಾಲು ಅಲ್ಪ. ಕಿರಿದಾದ ಸಂದುಗಳಿರುವ ಹೊಸ ಎಂಜಿನ್‌ಗೆ ದಪ್ಪ ಎಣ್ಣೆ ಸುರಿದರೆ ಇಂಧನ ಹೆಚ್ಚು ಖರ್ಚಾಗುವುದಲ್ಲದೆ ಬೇರೆ ಪ್ರಯೋಜನವಿಲ್ಲ. ಹವೆಗೆ ತಕ್ಕ ಆಯ್ಕೆಗಳಿದ್ದರೆ ಕಾರಿನ ಕೈಪಿಡಿಯ ಪಟ್ಟಿಯಲ್ಲಿಯೇ ಇರುತ್ತವೆ. ಕೈಪಿಡಿ ಕನ್ನಡದಲ್ಲಿ ದೊರೆಯುವುದು ಅಪರೂಪ, ಅದು ಬೇರೆಯೇ ಅಹವಾಲಿನ ವಿಷಯ; ಆದರೆ ಈ ಪುಟದಲ್ಲಿ ಓದಬೇಕಾದುದು ಅಂಕೆ ಮತ್ತು ಅಕ್ಷರಗಳನ್ನು ಮಾತ್ರ. ಎಂಟನೆಯ ತರಗತಿಯ ಮಗುವೂ ಡಬ್ಬಿಯೊಂದಿಗೆ ಹೋಲಿಸಿ ನೋಡಬಲ್ಲದು.

ಹೆಚ್ಚಿನವರು ಗಮನಿಸದೆ ಬಿಡುವುದು ಎರಡನೆಯ ಗುರುತನ್ನು. ಎಪಿಐ ಎಂಬ ಅಕ್ಷರಗಳ ಬಳಿ ‘ಎಸ್’ನಿಂದ ಆರಂಭವಾಗುವುದು ಪೆಟ್ರೋಲ್ ಎಂಜಿನ್‌ನ ವರ್ಗ, ‘ಸಿ’ಯಿಂದ ಆರಂಭವಾಗುವುದು ಡೀಸೆಲ್‌ನದು. ಪೆಟ್ರೋಲ್‌ನಲ್ಲಿ 2010ರ ಎಸ್‌ಎನ್‌ಗಿಂತ 2020ರ ಎಸ್‌ಪಿ ಹೊಸದು. ಸ್ನಿಗ್ಧತೆ ಒಂದೇ ಆಗಿದ್ದರೆ ಹೊಸ ವರ್ಗವನ್ನು ಹಳೆಯ ಕಾರಿಗೆ ಹಾಕಬಹುದು, ಹಳೆಯದನ್ನು ಹೊಸ ಕಾರಿಗೆ ಹಾಕಬಾರದು.

ಡೀಸೆಲ್‌ನಲ್ಲಿ ವಿಷಯ ಅಷ್ಟು ಸರಳವಲ್ಲ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಶೋಧಕವಿದೆ. ಮಸಿಯನ್ನು ಅದು ಆಗಾಗ ಸುಟ್ಟುಕೊಳ್ಳುತ್ತದೆ. ಎಂಜಿನ್ ಆಯಿಲ್‌ನ ಲೋಹಾಂಶದಿಂದ ಬರುವ ಬೂದಿ ಮಾತ್ರ ಸುಡುವುದಿಲ್ಲ, ಅಲ್ಲಿಯೇ ಕೂರುತ್ತದೆ. ಅದಕ್ಕಾಗಿಯೇ ಕೈಪಿಡಿಯು ಎಸಿಇಎ ಸಿ2, ಸಿ3 ಮುಂತಾದ ಕಡಿಮೆ ಬೂದಿಯ ವರ್ಗವನ್ನು ಕೇಳುತ್ತದೆ. ನಮ್ಮ ಊರಿನ ಕಾರಿಗೆ ಹಾಕಿದ್ದು ಹಳೆಯ ಸಿಐ-4.

ಹತ್ತಿರದ ಓಡಾಟವೂ ಆ ಕಾರನ್ನು ಕೆಡಿಸಿತ್ತು ಎನ್ನಬೇಕು. ನಾಲ್ಕು ಕಿಲೋಮೀಟರ್ ಹೋಗಿ ನಿಲ್ಲಿಸುವ ಕಾರಿನಲ್ಲಿ ಮಸಿ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಸುಡದ ಡೀಸೆಲ್ ಇಳಿದು ಎಣ್ಣೆಗೆ ಬೆರೆಯುತ್ತದೆ. ಅಳತೆಕಡ್ಡಿಯಲ್ಲಿ ಮಟ್ಟ ಏರಿದ್ದರೆ ಸಂತೋಷಪಡಬೇಡಿ, ಅದು ರೋಗದ ಲಕ್ಷಣ. ಪೆಟ್ರೋಲ್ ಕಾರಿನಲ್ಲಿಯೂ ಎಂಜಿನ್ ಪೂರ್ತಿ ಬಿಸಿಯಾಗದೆ ತೇವ ಉಳಿಯುತ್ತದೆ. ಶಾಲೆಗೆ ಹೋಗಿಬರುವ ಇಂಥ ಕಿರುಪಯಣವನ್ನು ಕೈಪಿಡಿಗಳು ‘ಕಠಿಣ ಬಳಕೆ’ ಎಂದೇ ಪರಿಗಣಿಸುತ್ತವೆ. 10,000 ಕಿಲೋಮೀಟರ್ ಅಥವಾ ಒಂದು ವರ್ಷ ಎಂದು ಬರೆದಿದ್ದರೂ ಕಠಿಣ ಬಳಕೆಯ ಪಟ್ಟಿಯಲ್ಲಿ ಅವಧಿ ಅದಕ್ಕಿಂತ ಕಡಿಮೆ ಇರುತ್ತದೆ. ನಮ್ಮ ಕುಟುಂಬಗಳು ಅನುಸರಿಸಬೇಕಾದುದು ಅದನ್ನು. ಡಿಪಿಎಫ್ ದೀಪ ಹೊತ್ತಿದಾಗ ಕೈಪಿಡಿ ಹೇಳಿದಷ್ಟು ಹೊತ್ತು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸುವುದು ಲೇಸು.

ಸಿಂಥೆಟಿಕ್ ಬೇಕೇ, ಖನಿಜ ತೈಲ ಸಾಕೇ ಎಂಬ ಚರ್ಚೆಗೆ ನಾವು ಹೆಚ್ಚು ಬೆಲೆ ಕೊಡುವುದಿಲ್ಲ. ಮೇಲಿನ ಎರಡೂ ಗುರುತು ಹೊಂದಿದರೆ ಸಾಕು. ಮನೆಯ ಬೈಕಿಗೆಂದು ತಂದ ಡಬ್ಬಿ ಮಾತ್ರ ಕಾರಿಗೆ ಬೇಡ, ಕಾರಿನದು ಬೈಕಿಗೂ ಬೇಡ. ಹೆಚ್ಚಿನ ಬೈಕುಗಳ ಕ್ಲಚ್ ಎಣ್ಣೆಯಲ್ಲಿಯೇ ಮುಳುಗಿರುವುದರಿಂದ ಜಾರತೊಡಗಬಹುದು.

ಚಿಕ್ಕ ಪೆಟ್ರೋಲ್ ಕಾರಿಗೆ ಸುಮಾರು 3ರಿಂದ 4 ಲೀಟರ್ ಬೇಕಾಗುತ್ತದೆ. ಮುಚ್ಚಳ ತೆರೆಯದ ಡಬ್ಬಿಯನ್ನು ಕಣ್ಣೆದುರೇ ತೆರೆಸಿ, ಖಾಲಿಯಾದುದನ್ನು ಮನೆಗೆ ತನ್ನಿ ಅಥವಾ ಅಲ್ಲಿಯೇ ಸೀಳಿಸಿ. ನಕಲಿ ಎಣ್ಣೆ ತುಂಬುವವರಿಗೆ ಬೇಕಾದುದು ಅದೇ. ತೆಗೆದ ಹಳೆಯ ಎಣ್ಣೆ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಗೆದ್ದಲು ತಡೆಯಲೆಂದು ಅದನ್ನು ಬೇಲಿಗೂಟಗಳಿಗೆ ಬಳಿಯುವ ಅಭ್ಯಾಸ ನಮ್ಮ ಕಡೆ ಇದೆ. ಬಾವಿಯ ಹತ್ತಿರವಂತೂ ಅದು ಬೇಡ.